ಸಂಶೋಧನೆ ನಡೆಯುತ್ತಿದೆ, ಅಲ್ಲಿಯವರೆಗೆ ಧೂಳು ಕುಡಿಯುತ್ತಿರಿ

ಮಾಡುವ ಕೆಲಸದಿಂದಲೇ ಬರುವ ಕಾಯಿಲೆಗಳ ಬಗ್ಗೆ ಸಂಶೋಧನೆ ಮಾಡಲು ಸರ್ಕಾರವೊಂದು ಪ್ರಯೋಗಾಲಯ ಕಟ್ಟಲು ಹೊರಟಿದೆ ಅಂದುಕೊಳ್ಳಿ. ಯಾವ ದೇಶದ ಸರ್ಕಾರ ಅಂತ ಕೇಳಬೇಡಿ. ಈ ವಿಷಯದಲ್ಲಿ ಎಲ್ಲ ಸರ್ಕಾರಗಳೂ ಅಣ್ಣತಮ್ಮಂದಿರೇ. ನನ್ನದಂತೂ ಪೂರ್ತಿ ಬೆಂಬಲ. ಕಾರ್ಮಿಕರು ಕೆಮ್ಮುತ್ತಿದ್ದಾರೆ ಎಂದು ದೂರು ಬಂದಾಗ ಪಾಪ, ಸರ್ಕಾರದ ಮುಂದೆ ಇರುವುದು ಎರಡೇ ದಾರಿ. ಧೂಳೆಬ್ಬಿಸುವ ಯಂತ್ರದ ಮಾಲೀಕರಿಗೆ ಫೋನ್ ಮಾಡಿ ‘ಸ್ವಾಮಿ, ಕಲ್ಲು ಕೊಯ್ಯುವಾಗ ಸ್ವಲ್ಪ ನೀರು ಬಿಡಿ’ ಅನ್ನಬೇಕು. ಅವರಿಗೆ ಬೇಜಾರಾಗುತ್ತದೆ. ಇಲ್ಲವೇ ಕೆಮ್ಮಿನ ಕಾರಣ ಹುಡುಕಲು ಪ್ರಯೋಗಾಲಯ ಕಟ್ಟಬೇಕು. ಇದರಿಂದ ಯಾರಿಗೂ ಬೇಜಾರಿಲ್ಲ. ಕಟ್ಟಡದ ಗುತ್ತಿಗೆದಾರನಿಗಂತೂ ಖುಷಿಯೋ ಖುಷಿ. ಕೆಮ್ಮುವವರಿಗೂ ತಮ್ಮ ಕೆಮ್ಮು ಸರ್ಕಾರದ ಗಂಭೀರ ಪರಿಶೀಲನೆಯಲ್ಲಿದೆ ಎಂಬ ಸಮಾಧಾನ.

ಸಣ್ಣದೊಂದು ತೊಡಕಿದೆ. ಹುಡುಕಲು ಹೊರಟಿರುವುದು ಆಗಲೇ ಸಿಕ್ಕಿಬಿಟ್ಟಿದೆ.

ಇಟಲಿಯ ವೈದ್ಯ ಬರ್ನಾರ್ಡಿನೊ ರಮಾಜಿನಿ 1700ರಲ್ಲೇ ಕಲ್ಲು ಕಡಿಯುವವರು, ಕುಂಬಾರರು, ಗಣಿಯವರು ಎಂದು ಒಂದೊಂದು ಕಸುಬಿಗೂ ಯಾವ ಯಾವ ಕಾಯಿಲೆ ಬರುತ್ತದೆ ಅಂತ ಪುಸ್ತಕವನ್ನೇ ಬರೆದಿಟ್ಟ. ದಿನವಿಡೀ ಕೂತು ಬರೆಯುವ ಗುಮಾಸ್ತರನ್ನೂ ಬಿಡಲಿಲ್ಲ. ಸದಾ ಕೂತೇ ಇರುವುದು, ಕೈಯನ್ನು ಒಂದೇ ರೀತಿ ಆಡಿಸುವುದು, ತಪ್ಪಾಗದಿರಲಿ ಎಂದು ತಲೆ ಬಿಸಿ ಮಾಡಿಕೊಳ್ಳುವುದು, ಇವೇ ಅವರನ್ನು ಹಾಳು ಮಾಡುತ್ತವೆ ಅಂದ. ಕಂಪ್ಯೂಟರ್ ಹುಟ್ಟುವ ಮೊದಲೇ ಅದರ ಮುಂದೆ ಕೂರುವವರ ಕಾಯಿಲೆ ಬರೆದಿಟ್ಟ ಪುಣ್ಯಾತ್ಮ. ರೋಗಿಯನ್ನು ನೋಡುವ ವೈದ್ಯರು ಇನ್ನೊಂದು ಪ್ರಶ್ನೆಯನ್ನೂ ಕೇಳಬೇಕು, ಏನು ಕೆಲಸ ಮಾಡುತ್ತೀರಿ ಎಂದು ವಿಚಾರಿಸಬೇಕು ಎಂದವನೂ ಅವನೇ. ಈ ಪ್ರಶ್ನೆಗೆ ಉಪಕರಣ ಬೇಡ, ಟೆಂಡರ್ ಬೇಡ. ಅದಕ್ಕೇ ಇರಬೇಕು, ಯಾರೂ ಅಷ್ಟಾಗಿ ಕೇಳುವುದಿಲ್ಲ. ಕಲ್ಲಿನ ಧೂಳು ಕುಡಿದವನ ಕೆಮ್ಮನ್ನು ಕ್ಷಯ ಎಂದು ಬರೆದು ಮಾತ್ರೆ ಕೊಟ್ಟು ಕಳಿಸುವುದು ಇಂದಿಗೂ ನಡೆದೇ ಇದೆ.

ಗೊತ್ತಾದ ಮೇಲೆ ಏನಾಗುತ್ತದೆ ಅನ್ನುವುದು ಇನ್ನೂ ಸ್ವಾರಸ್ಯದ ಕಥೆ. ಲಂಡನ್ನಿನ ಶಸ್ತ್ರವೈದ್ಯ ಪರ್ಸಿವಲ್ ಪಾಟ್ 1775ರಲ್ಲಿ, ಚಿಮಣಿಯೊಳಗೆ ಹತ್ತಿ ಇಳಿದು ಮಸಿ ಕೆರೆಯುವ ಕೆಲಸದವರಿಗೆ ವೃಷಣಚೀಲದ ಕ್ಯಾನ್ಸರ್ ಬರುತ್ತಿದೆ, ಅದಕ್ಕೆ ಆ ಮಸಿಯೇ ಕಾರಣ ಎಂದು ಹೇಳಿದ. ಇವರು ಚಿಕ್ಕ ಹುಡುಗರಾಗಿದ್ದಾಗಲೇ ಚಿಮಣಿಗೆ ಇಳಿದವರು. ಆಮೇಲೆ ಕಾನೂನಿನ ಮೇಲೆ ಕಾನೂನು ಬಂತು. ಜಾರಿ ಮಾಡುವವರು ಮಾತ್ರ ಬರಲಿಲ್ಲ. ಹುಡುಗರನ್ನು ಚಿಮಣಿಗೆ ಇಳಿಸುವುದನ್ನು ನಿಜವಾಗಿ ನಿಲ್ಲಿಸಿದ ಕಾನೂನು ಬಂದದ್ದು 1875ರಲ್ಲಿ. ಸರಿಯಾಗಿ 100 ವರ್ಷ. ಕಲ್ನಾರಿನ, ಅಂದರೆ ಆಸ್ಬೆಸ್ಟಾಸಿನ, ಕಥೆಯೂ ಹೀಗೇ. ಅದರ ಧೂಳಿನ ಕಣಗಳು ಗಾಜಿನ ಚೂರಿನಂತೆ ಚೂಪಾಗಿವೆ, ಕೆಲಸಗಾರರ ಆರೋಗ್ಯ ಕೆಡುತ್ತಿದೆ ಎಂದು ಬ್ರಿಟನ್ನಿನ ಮಹಿಳಾ ಕಾರ್ಖಾನೆ ಇನ್‌ಸ್ಪೆಕ್ಟರ್ ಒಬ್ಬರು 1898ರಲ್ಲೇ ವರದಿ ಬರೆದರು. ಅಲ್ಲಿ ಕಲ್ನಾರಿಗೆ ಪೂರ್ತಿ ನಿಷೇಧ ಬಿದ್ದದ್ದು 1999ರಲ್ಲಿ. 101 ವರ್ಷ. ಅನುಭವ ಬೆಳೆದಂತೆ ಒಂದು ವರ್ಷ ಜಾಸ್ತಿಯೇ ಹಿಡಿಯಿತು.

‘ಅದು ಹಳೆಯ ಕಾಲ, ಆಗ ಇಂಥದ್ದಕ್ಕೆಂದೇ ಸರ್ಕಾರಿ ಸಂಶೋಧನಾ ಸಂಸ್ಥೆ ಇರಲಿಲ್ಲವಲ್ಲ’ ಎಂದು ನೀವು ಅನ್ನಬಹುದು. ಇದ್ದ ಕಡೆ ಏನಾಯಿತು ಅಂತ ನೋಡೋಣ. ಅಮೆರಿಕದಲ್ಲಿ 1970ರ ಕಾನೂನು ಎರಡು ಸಂಸ್ಥೆ ಹುಟ್ಟಿಸಿತು. ಸಂಶೋಧನೆ ಮಾಡಲು ನಯಾಶ್, ನಿಯಮ ಮಾಡಿ ಜಾರಿಗೆ ತರಲು ಓಶಾ. ನಯಾಶ್ ತನ್ನ ಕೆಲಸವನ್ನು ಚೆನ್ನಾಗಿಯೇ ಮಾಡಿತು. ಕಲ್ಲು, ಮರಳಿನಿಂದ ಏಳುವ ಸಿಲಿಕಾ ಧೂಳು ಒಂದು ಘನ ಮೀಟರ್ ಗಾಳಿಯಲ್ಲಿ 50 ಮೈಕ್ರೋಗ್ರಾಂ ದಾಟಬಾರದು ಎಂದು 1974ರಲ್ಲೇ ಶಿಫಾರಸು ಮಾಡಿತು. ಓಶಾ ಅದೇ 50 ಮೈಕ್ರೋಗ್ರಾಮಿನ ಮಿತಿಯನ್ನು ನಿಯಮ ಮಾಡಿದ್ದು 2016ರಲ್ಲಿ. ನಡುವೆ 42 ವರ್ಷ. 1974ರಲ್ಲಿ 20ನೇ ವಯಸ್ಸಿಗೆ ಕಲ್ಲು ಕೊಯ್ಯಲು ಸೇರಿದ ಹುಡುಗ, ಬದುಕಿದ್ದರೆ, ನಿಯಮ ಬಂದಾಗ 62ರ ಮುದುಕ. ಈ ಧೂಳಿನಿಂದ ಬರುವ ಶ್ವಾಸಕೋಶದ ಕಾಯಿಲೆ ಸಿಲಿಕೋಸಿಸ್‌ಗೆ ಇವತ್ತಿಗೂ ವಾಸಿ ಮಾಡುವ ಮದ್ದಿಲ್ಲ. ಒಮ್ಮೆ ಗಾಯದ ಕಲೆಗಟ್ಟಿದ ಶ್ವಾಸಕೋಶ ಮತ್ತೆ ಮೆತ್ತಗಾಗುವುದಿಲ್ಲ. ನೀರು ಬಿಟ್ಟು ಧೂಳು ಅಡಗಿಸಿದ್ದರೆ ಬರುತ್ತಲೇ ಇರಲಿಲ್ಲ, ಅಷ್ಟೇ.

ಹಾಗಾಗಿ ಪ್ರಯೋಗಾಲಯ ಏನಾದರೂ ಕಂಡುಹಿಡಿದುಬಿಡುತ್ತದೆ ಎಂದು ಹೆದರಬೇಕಿಲ್ಲ. ಕಂಡುಹಿಡಿದರೂ ನಡುವೆ ಸಾಕಷ್ಟು ಮೇಜುಗಳಿವೆ. ಆದರೂ ಎಚ್ಚರಿಕೆಗೆ ಒಂದಿಷ್ಟು ಸಲಹೆ ಕೊಡುತ್ತೇನೆ. ಸಂಭಾವನೆ ಬೇಡ, ಸುಮ್ನೆ ಸಲಹಾ ಸಮಿತಿಯಲ್ಲಿ ಒಂದು ಕುರ್ಚಿ ಕೊಟ್ಟರೆ ಸಾಕು.

ಸಮೀಕ್ಷೆಯನ್ನು ಕಾರ್ಖಾನೆಯ ಒಳಗೇ ಮಾಡಿ. ಹಾಜರಿ ಪುಸ್ತಕ ಹಿಡಿದು, ಅವತ್ತು ಕೆಲಸಕ್ಕೆ ಬಂದವರನ್ನಷ್ಟೇ ಸಾಲಾಗಿ ನಿಲ್ಲಿಸಿ, ಎದೆಗೆ ಸ್ಟೆತಾಸ್ಕೋಪ್ ಇಡಿ. ಎಲ್ಲರೂ ಗಟ್ಟಿಮುಟ್ಟಾಗಿ ಇರುತ್ತಾರೆ. ಇರಲೇಬೇಕು. ಉಸಿರು ಕಟ್ಟುವವನು ಎಂದೋ ಕೆಲಸ ಬಿಟ್ಟು ಮನೆ ಸೇರಿದ್ದಾನೆ, ಅವನ ಹೆಸರು ಪುಸ್ತಕದಲ್ಲಿಲ್ಲ. ಪರೀಕ್ಷೆಯಲ್ಲಿ ಪಾಸಾದವರನ್ನಷ್ಟೇ ಕರೆದು ‘ಪ್ರಶ್ನೆಪತ್ರಿಕೆ ಕಷ್ಟ ಇತ್ತಾ?’ ಎಂದು ಕೇಳಿದ ಹಾಗೆ. ಇದು ನನ್ನ ಕುಚೋದ್ಯ ಅಲ್ಲ. ಕೆಲಸ ಮಾಡುವವರು ಊರ ಜನಕ್ಕಿಂತ ಆರೋಗ್ಯವಂತರಂತೆ ಲೆಕ್ಕದಲ್ಲಿ ಕಾಣುವ ಈ ಮೋಸವನ್ನು ಸಂಶೋಧಕರು ‘ಆರೋಗ್ಯವಂತ ಕಾರ್ಮಿಕರ ಪರಿಣಾಮ’ ಎಂದೇ ಕರೆಯುತ್ತಾರೆ. ಅದನ್ನು ಹೇಗೆ ಸರಿಪಡಿಸಬೇಕು ಎಂಬುದೂ ಅವರಿಗೆ ಗೊತ್ತು. ಬಿಟ್ಟುಹೋದವರನ್ನೂ, ಸತ್ತವರನ್ನೂ ಹುಡುಕಿ ಲೆಕ್ಕಕ್ಕೆ ಸೇರಿಸಬೇಕು. ಆದರೆ ಸತ್ತವರಿಗೆ ಪ್ರಯಾಣ ಭತ್ಯೆ ಕೊಡುವ ನಿಯಮವಿಲ್ಲವಲ್ಲ, ಹೇಗೆ ಕರೆಸುವುದು?

ಧೂಳು ಅಳೆಯಲು ಹೋಗುವ ಮೊದಲು ಮಾಲೀಕರಿಗೆ ಪತ್ರ ಬರೆದು ದಿನ ತಿಳಿಸಿ. ಅದು ಸೌಜನ್ಯ. ಅವತ್ತು ಬೆಳಿಗ್ಗೆ ನೆಲ ತೊಳೆದಿರುತ್ತದೆ, ಫ್ಯಾನ್ ತಿರುಗುತ್ತಿರುತ್ತದೆ, ಅರ್ಧ ಯಂತ್ರಗಳು ‘ರಿಪೇರಿ’ಯಲ್ಲಿರುತ್ತವೆ. ಧೂಳು ಅಳೆಯಲು ಕಾರ್ಮಿಕನ ಸೊಂಟಕ್ಕೆ ಸಿಕ್ಕಿಸಿದ ಪುಟ್ಟ ಪಂಪು ಅಂದಿನ ಗಾಳಿಯನ್ನು ಪ್ರಾಮಾಣಿಕವಾಗಿ ಎಳೆದುಕೊಂಡು ‘ಮಿತಿಯೊಳಗೆ’ ಎಂದು ಸಾಕ್ಷಿ ಹೇಳುತ್ತದೆ. ಉಪಕರಣ ಸುಳ್ಳು ಹೇಳುವುದಿಲ್ಲ ನೋಡಿ.

ಮೊದಲು ಎತ್ತಿಕೊಳ್ಳಬೇಕಾದ ಕಾಯಿಲೆಗಳನ್ನೂ ಜಾಣತನದಿಂದ ಆರಿಸಬೇಕು. ಸಿಲಿಕೋಸಿಸ್ ಸಾಮಾನ್ಯವಾಗಿ ತಲೆ ಎತ್ತಲು 10 ವರ್ಷಕ್ಕೂ ಜಾಸ್ತಿ ಬೇಕು. ಕಲ್ನಾರಿನ ಕ್ಯಾನ್ಸರಿಗೆ 20ರಿಂದ 40 ವರ್ಷ. ಅಷ್ಟರಲ್ಲಿ ಸಚಿವರು ಬದಲಾಗಿರುತ್ತಾರೆ, ನಿರ್ದೇಶಕರು ನಿವೃತ್ತರಾಗಿರುತ್ತಾರೆ, ಕಂಪನಿ ಹೆಸರು ಬದಲಿಸಿಕೊಂಡಿರುತ್ತದೆ. ಹಳೆಯ ವಿಳಾಸದಲ್ಲಿ ಉಳಿಯುವುದು ರೋಗಿ ಒಬ್ಬನೇ.

ಅಪ್ಪಿತಪ್ಪಿ ಒಳ್ಳೆಯ ಸಂಶೋಧಕರೇ ನೇಮಕವಾಗಿ ಸತ್ಯವನ್ನೇ ಬರೆದುಬಿಟ್ಟರೆ? ಅದಕ್ಕೂ ಪೂರ್ವಜರು ದಾರಿ ತೋರಿಸಿದ್ದಾರೆ. 1920ರ ದಶಕದಲ್ಲಿ ಅಮೆರಿಕದ ನ್ಯೂ ಜೆರ್ಸಿಯಲ್ಲಿ ಹುಡುಗಿಯರು ಗಡಿಯಾರದ ಅಂಕಿಗಳಿಗೆ ರೇಡಿಯಂ ಬಣ್ಣ ಬಳಿಯುತ್ತಿದ್ದರು. ಕುಂಚದ ತುದಿ ಚೂಪಾಗಬೇಕೆಂದು ತುಟಿಗಳ ನಡುವೆ ಇಟ್ಟು ಎಳೆಯುತ್ತಿದ್ದರು. ಹಾಗೇ ಮಾಡಿ ಎಂದು ಕಲಿಸಿದ್ದೂ ಕಂಪನಿಯೇ. ಕಂಪನಿಯ ರಸಾಯನಶಾಸ್ತ್ರಜ್ಞರು ಮಾತ್ರ ಸೀಸದ ಪರದೆ, ಇಕ್ಕಳ ಇಟ್ಟುಕೊಂಡು ಕೆಲಸ ಮಾಡುತ್ತಿದ್ದರು. ಹುಡುಗಿಯರ ದವಡೆ ಕೊಳೆಯತೊಡಗಿದಾಗ ಕಂಪನಿ ವಿಶ್ವವಿದ್ಯಾಲಯದ ತಜ್ಞರನ್ನು ಕರೆಸಿ ತನಿಖೆ ಮಾಡಿಸಿತು. ರೇಡಿಯಮ್ಮೇ ಕಾರಣ ಎಂದು ತಜ್ಞರು ಬರೆದರು. ವರದಿ ಕಂಪನಿಯ ಬೀರು ಸೇರಿತು. ಕಾರ್ಮಿಕ ಇಲಾಖೆಗೆ ಹೋದದ್ದು, ಹುಡುಗಿಯರೆಲ್ಲ ಚೆನ್ನಾಗಿದ್ದಾರೆ ಎನ್ನುವ ತಿದ್ದಿದ ಪ್ರತಿ. ನೀತಿ ಏನಪ್ಪಾ ಅಂದರೆ, ವರದಿ ಯಾರು ಬೇಕಾದರೂ ಬರೆಯಲಿ, ಬೀರುವಿನ ಕೀಲಿ ನಿಮ್ಮ ಜೇಬಿನಲ್ಲಿರಲಿ.

ಇದೆಲ್ಲ ಕೇಳಿದರೆ ಪ್ರಯೋಗಾಲಯವೇ ಬೇಡ ಅನ್ನುತ್ತೀಯಾ ಎಂದು ಯಾರಾದರೂ ಸಿಟ್ಟಾಗಬಹುದು. ಬೇಕು ಮಾರಾಯ್ರೇ. ಕಣ್ಣಿಗೆ ಕಾಣದ ಧೂಳನ್ನು ಅಳೆಯಬೇಕು, ಹೊಸ ರಾಸಾಯನಿಕ ಏನು ಮಾಡುತ್ತದೆ ಎಂದು ನೋಡಬೇಕು. ಅಳತೆ ಇಲ್ಲದೆ ಮಾಲೀಕರ ಜೊತೆ ವಾದಿಸಲೂ ಆಗುವುದಿಲ್ಲ. ಆದರೆ ಆ ಅಳತೆ ಹಿಡಿದುಕೊಂಡು ಹೋಗಿ ಯಂತ್ರ ನಿಲ್ಲಿಸುವ ಅಧಿಕಾರ ಒಬ್ಬನಿಗಾದರೂ ಇರಬೇಕು, ಅಲ್ವಾ? ನಮ್ಮ ಕಡತದಲ್ಲಿ ನಿರ್ದೇಶಕರಿದ್ದಾರೆ, ಜಂಟಿ ನಿರ್ದೇಶಕರಿದ್ದಾರೆ, ಇಬ್ಬರಿಗೂ ಕಾರಿದೆ. ಸ್ವಿಚ್ ಆರಿಸುವವನ ಹುದ್ದೆ ಮಾತ್ರ ಮಂಜೂರಾಗಿಲ್ಲ. ಬಿಳಿ ರಂಜಕದ ಬೆಂಕಿಕಡ್ಡಿ ಮಾಡುವವರ ದವಡೆ ಕೊಳೆಯುತ್ತಿದ್ದ ಕಾಲದಲ್ಲಿ ದವಡೆ ಕೊಳೆಸದ ಕೆಂಪು ರಂಜಕದ ಬೆಂಕಿಕಡ್ಡಿಯೂ ಅಂಗಡಿಯಲ್ಲಿತ್ತು. ಫಿನ್ಲೆಂಡ್ 1872ರಲ್ಲಿ ಬಿಳಿ ರಂಜಕ ಬೇಡ ಅಂದಿತು. ಇನ್ನು ಕೆಲವು ದೇಶಗಳು ಕೂತು ಮಾತಾಡಿ ಸ್ವಿಟ್ಜರ್ಲೆಂಡಿನ ಬರ್ನ್‌ನಲ್ಲಿ ನಿಷೇಧದ ಒಪ್ಪಂದಕ್ಕೆ ಸಹಿ ಹಾಕುವಾಗ 1906 ಆಗಿತ್ತು.

ಇನ್ನು ಪ್ರಯೋಗಾಲಯದ ಒಳಗಿನವರ ಆರೋಗ್ಯ. ವಾರಕ್ಕೆ 55 ಗಂಟೆ ಅಥವಾ ಅದಕ್ಕಿಂತ ಜಾಸ್ತಿ ದುಡಿದರೆ ಪಾರ್ಶ್ವವಾಯು, ಹೃದಯದ ಕಾಯಿಲೆಯ ಅಪಾಯ ಏರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2021ರಲ್ಲಿ ಜೊತೆಯಾಗಿ ಹೇಳಿದವು. ಅವುಗಳ ಅಂದಾಜಿನಲ್ಲಿ 2016ರೊಂದರಲ್ಲೇ ಹೀಗೆ ಸತ್ತವರು 7 ಲಕ್ಷ 45 ಸಾವಿರ ಜನ. ಈ ಅಂಕಿಅಂಶವನ್ನು ಸಚಿವರ ಭಾಷಣಕ್ಕೆ ಹೊಂದಿಸಲು ಪ್ರಯೋಗಾಲಯದ ಸಿಬ್ಬಂದಿ ರಾತ್ರಿಯೆಲ್ಲ ಕೂರಬೇಕಾದೀತು. ಕೆಲಸದ ಒತ್ತಡದಿಂದ ಸುಸ್ತಾಗಿ ಕುಸಿದೆ ಎಂದು ಯಾರಾದರೂ ರಜೆ ಕೇಳಿದರೆ, ಅದು ಕೆಲಸಕ್ಕೆ ಸಂಬಂಧಿಸಿದ ವಿದ್ಯಮಾನವೇ ಹೊರತು ರೋಗವಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿರುವುದನ್ನು ತೋರಿಸಿ ಅರ್ಜಿ ವಾಪಸ್ ಕಳಿಸಬಹುದು. ಅಂತರರಾಷ್ಟ್ರೀಯ ಸಂಸ್ಥೆಗಳ ಮಾತಿಗೆ ನಮ್ಮಲ್ಲಿ ಗೌರವವಿದೆ. ಯಾವ ಮಾತಿಗೆ ಅನ್ನುವುದನ್ನು ನಾವು ಆರಿಸಿಕೊಳ್ಳುತ್ತೇವೆ.

ಕಟ್ಟಡವೇನೋ ಭರದಿಂದ ಏಳುತ್ತದೆ. ಸಚಿವರ ಹೆಸರು ಕೆತ್ತುವ ಕಲ್ಲು ನುಣುಪಾಗಿರಬೇಕು, ಮೊಗಸಾಲೆಗೆ ಹಾಸುವ ಗ್ರಾನೈಟ್ ಫಳಫಳ ಹೊಳೆಯಬೇಕು. ಉದ್ಘಾಟನೆಯ ದಿನ ಹತ್ತಿರ ಬಂದಿರುವುದರಿಂದ ಕೊಯ್ಯುವ ಯಂತ್ರಗಳು ಹಗಲೂ ರಾತ್ರಿ ಓಡುತ್ತವೆ. ನೀರು ಬಿಟ್ಟರೆ ಕೆಸರಾಗುತ್ತದೆ, ಹೊಸ ಗೋಡೆಗೆ ಸಿಡಿಯುತ್ತದೆ ಎಂದು ಒಣಗಲ್ಲನ್ನೇ ಕೊಯ್ಯುತ್ತಾರೆ. ಕೊಯ್ಯುವವನ ರೆಪ್ಪೆಯ ಮೇಲೂ ಬಿಳಿ ಧೂಳು. ಇವನನ್ನಾದರೂ ಮೊದಲ ದಿನದಿಂದ ದಾಖಲೆ ಮಾಡಿಕೊಂಡರೆ ಹೇಗೆ, ಅಧ್ಯಯನಕ್ಕೆ ಮನೆ ಬಾಗಿಲಲ್ಲೇ ಸಾಕ್ಷಿ ಸಿಕ್ಕಂತಾಯಿತಲ್ಲ ಎಂದು ಹುರುಪಿನ ಕಿರಿಯ ಸಂಶೋಧಕಿಯೊಬ್ಬಳು ಟಿಪ್ಪಣಿ ಬರೆದು ಮೇಲಕ್ಕೆ ಕಳಿಸುತ್ತಾಳೆ ಅಂದುಕೊಳ್ಳಿ. ಟಿಪ್ಪಣಿ ಐದು ಮೇಜು ದಾಟಿ, ಐದು ಸಹಿ ಹೊತ್ತು ಕೆಳಗಿಳಿಯುತ್ತದೆ. ಅದರ ಅಂಚಿನಲ್ಲಿ ಕೆಂಪು ಶಾಯಿಯಲ್ಲಿ ಒಂದೇ ಸಾಲು: ‘ಸದರಿ ವ್ಯಕ್ತಿ ಗುತ್ತಿಗೆದಾರನ ಕಡೆಯವನಾದ್ದರಿಂದ ಈ ಪ್ರಯೋಗಾಲಯದ ವ್ಯಾಪ್ತಿಗೆ ಬರುವುದಿಲ್ಲ. ಧೂಳಿನಿಂದ ಉಪಕರಣಗಳು ಹಾಳಾಗದಂತೆ ಕೂಡಲೇ ಪ್ಲಾಸ್ಟಿಕ್ ಹೊದಿಸುವುದು.’