ಬಗಾನಿನಲ್ಲಿ ಲೋಟ ಹಿಂಡಿದ್ದು
ಬರ್ಮಾದ ಬಗಾನಿನಲ್ಲಿ ಎರಡು ಸಾವಿರಕ್ಕೂ ಜಾಸ್ತಿ ಪಗೋಡ, ಗುಡಿಗಳಿವೆ. ಜನ ಅದನ್ನು ನೋಡೋಕೆ ಹೋಗುತ್ತಾರೆ. ನಮ್ಮನೆಯವರು ಅಲ್ಲಿ ಲೋಟ ಹಿಂಡಿದರು.

ಬಗಾನಿನ ಪಕ್ಕದಲ್ಲೇ ಮ್ಯಿಂಕಬಾ ಅಂತ ಹಳ್ಳಿ. ಮೆರುಗಿನ ಪಾತ್ರೆಗೆ ಹೆಸರುವಾಸಿ. ಬಿದಿರು ಹೆಣೆದು, ತಿತ್ಸಿ ಮರದ ಕಪ್ಪು ಹಾಲು ಬಳಿದು, ನೆಲಮಾಳಿಗೆಯಲ್ಲಿ ಒಣಗಿಸಿ, ಉಜ್ಜಿ, ಮತ್ತೆ ಬಳಿದು, ಮತ್ತೆ ಒಳಗಿಟ್ಟು, ಹೀಗೆ ಒಂದು ಒಳ್ಳೆಯ ಡಬ್ಬಿಗೆ ತಿಂಗಳುಗಟ್ಟಲೆ ಹಿಡಿಯುತ್ತದೆ. ಬಿಸಿಲಿಗಿಟ್ಟರೆ ಬೇಗ ಒಣಗಲ್ವಾ ಅಂದರು ಅತ್ತೆ. ಇಲ್ಲ, ಇದು ಗಟ್ಟಿಯಾಗೋಕೆ ತೇವದ ಗಾಳಿಯೇ ಬೇಕು. ವರ್ಷವರ್ಷ ಮಹಡಿ ಮೇಲೆ ಹಪ್ಪಳ ಒಣಗಿಸಿದವರಿಗೆ ಈ ಮಾತು ಒಪ್ಪಿಗೆಯಾಗಲಿಲ್ಲ. ಚನ್ನಪಟ್ಟಣದ ಅರಗು ಹುಳದಿಂದ ಬರುತ್ತೆ, ಇದು ಮರದ್ದು, ನಮ್ಮ ಗೇರು-ಮಾವಿನ ಬಳಗ. ಹಸಿ ಹಾಲು ಮೈಗೆ ತಾಗಿದರೆ ತುರಿಕೆ ಗ್ಯಾರಂಟಿ ಅಂದಮೇಲೆ ಅತ್ತೆ ಕೈಕಟ್ಟಿ ನಿಂತರು.

ಅಂಗಡಿಯಾಕೆ ಕುದುರೆ ಕೂದಲು ಸೇರಿಸಿ ಹೆಣೆದ ಲೋಟವೊಂದನ್ನು ಅಂಚಿಗೆ ಅಂಚು ತಾಗುವ ಹಾಗೆ ಅದುಮಿ ಬಿಟ್ಟಳು. ಏನೂ ಆಗದ ಹಾಗೆ ದುಂಡಗಾಯಿತು. ನಮ್ಮನೆಯವರಿಗೆ ಅಷ್ಟೇ ಸಾಕಿತ್ತು. ಮುಂದಿನ ಅಂಗಡಿಯಲ್ಲಿ ಯಾರೂ ಕೇಳದೆ ಒಂದನ್ನೆತ್ತಿ, "ಇಲ್ನೋಡು" ಅಂತ ಹಿಂಡಿದರು. ಅದು ಬರೀ ಬಿದಿರಿನದು. ಚಟ್ ಅಂತು. ದುಡ್ಡು ಕೊಟ್ಟೆವು. ಆ ಪುಣ್ಯಾತ್ಗಿತ್ತಿ ಒಡಕು ಲೋಟವನ್ನೂ ಚೆನ್ನಾಗಿ ಪೇಪರ್ ಸುತ್ತಿ ಕೊಟ್ಟಳು.

ಬೌದ್ಧ ಭಿಕ್ಷುಗಳ ವಿಹಾರಕ್ಕೆ ಊಟ ಒಯ್ಯುವ, ಗೋಪುರದಂಥ ಮುಚ್ಚಳದ ಪಾತ್ರೆ ಮೇಲೆ ನನ್ನ ಕಣ್ಣಿತ್ತು. ಬಂದದ್ದು ಮಾತ್ರ ಅತ್ತೆಯ ಎಲೆಅಡಿಕೆ ಡಬ್ಬಿ. ಬರ್ಮಾದವರೂ ಎಲೆಅಡಿಕೆ ಅಂದರೆ ಪ್ರಾಣ ಬಿಡುತ್ತಾರೆ, ಅದಕ್ಕೆಂದೇ ಈ ಡಬ್ಬಿ. ತಳದಲ್ಲಿ ಎಲೆ, ಮೇಲಿನ ತಟ್ಟೆಗಳಲ್ಲಿ ಅಡಿಕೆ, ಸುಣ್ಣ. ಮುಚ್ಚಳ ಬುಡದವರೆಗೂ ಇಳಿದು ಬಿಗಿಯಾಗಿ ಕೂರುತ್ತದೆ. ಎಷ್ಟು ಬಿಗಿ ಅಂದರೆ, ಮರುದಿನ ಬೆಳಿಗ್ಗೆ ಹೋಟೆಲಿನಲ್ಲಿ ಬರಲೇ ಇಲ್ಲ. "ಕೊಡಮ್ಮ ಇಲ್ಲಿ" ಅಂತ ಮಗ ಎಳೆದರು. ಮುಚ್ಚಳದ ಜೊತೆ ತಟ್ಟೆಗಳೂ ಹಾರಿದವು. ಅಡಿಕೆ ಮಂಚದ ಕೆಳಗೆ, ಸುಣ್ಣ ಮೀಸೆಗೆ.

"ನಿನಗೆ ಕೈ ಯಾಕಾದ್ರೂ ಕೊಟ್ಟನೋ ದೇವರು" ಅಂದರು ಅತ್ತೆ.

ವಿಮಾನ ನಿಲ್ದಾಣದಲ್ಲಿ ತಪಾಸಣೆಯವನೂ ಅದನ್ನೇ ಎಳೆಯತೊಡಗಿದ. ಅತ್ತೆ ಕನ್ನಡದಲ್ಲೇ ಗದರಿದರು: "ಎಳೀಬೇಡಪ್ಪಾ, ತಿರುಗಿಸು!" ಅವನು ತಿರುಗಿಸಿದ, ತೆರೆಯಿತು, ಒಳಗಿನ ಸುಣ್ಣ ನೋಡಿ ನಕ್ಕ. ಅವನ ಹಲ್ಲೂ ಕೆಂಪು. ಅತ್ತೆ ಅಲ್ಲೇ ಎಲೆ ಮಡಿಸೋಕೆ ಶುರು ಮಾಡಿದರು, ನಮ್ಮ ಹಿಂದಿನ ಕ್ಯೂ ಬಾಗಿಲು ದಾಟಿತ್ತು.