ಹದಿನೆಂಟು ಉಗುರುಗಳ ಲೆಕ್ಕ

ಬಸವನಗುಡಿಯ ನಮ್ಮ ಮನೆಯ ಸೋಫಾದಿಂದ ಸ್ಪಂಜು ಇಣುಕಿದ ದಿನ, ಬೆಕ್ಕು ಚಿನ್ನಿಯ ಉಗುರು ಕತ್ತರಿಸುವ ಹೊಣೆಯನ್ನು ಮನೆಯವರೆಲ್ಲರೂ ಒಕ್ಕೊರಲಿನಿಂದ ನನಗೆ ವಹಿಸಿದರು. ಮುಂಗಾಲುಗಳಿಗೆ ಐದೈದು, ಹಿಂಗಾಲುಗಳಿಗೆ ನಾಲ್ಕು ನಾಲ್ಕು, ಒಟ್ಟು 18 ಉಗುರು. ಒಂದಕ್ಕೆ ಅರ್ಧ ನಿಮಿಷವೆಂದರೂ 9 ನಿಮಿಷದಲ್ಲಿ ಮುಗಿಸಿ ಕಾಫಿಗೆ ಕೂರಬಹುದೆಂದು ನಾನು ಲೆಕ್ಕ ಹಾಕಿದ್ದೆ.

ಹಳೆಯ ಟವೆಲಿನಲ್ಲಿ ಅವಳನ್ನು ಎಳೆಗೂಸಿನಂತೆ ಸುತ್ತಿ, ಒಂದು ಮುಂಗಾಲನ್ನಷ್ಟೇ ಹೊರಗೆ ತೆಗೆದು ಬೆರಳಿನ ಮೆತ್ತೆಯನ್ನು ಮೆಲ್ಲಗೆ ಒತ್ತಿದಾಗ, ಒಳಗೆ ಅಡಗಿದ್ದ ಉಗುರು ಬಿದಿಗೆಯ ಚಂದ್ರನಂತೆ ಹೊರಬಂತು. ಕಿಟಕಿಯ ಬೆಳಕಿಗೆ ಹಿಡಿದರೆ ಬುಡದಲ್ಲಿ ನಸುಗೆಂಪು ಕಾಣುತ್ತದೆ. ಅಲ್ಲಿ ರಕ್ತನಾಳವೂ ನರವೂ ಇರುವುದರಿಂದ, ಅದಕ್ಕೆ ಸುಮಾರು 2 ಮಿಲಿಮೀಟರ್ ಈಚೆಗೇ ನಿಂತು ಚೂಪಾದ ಕೊಕ್ಕೆಯನ್ನು ಮಾತ್ರ ಕತ್ತರಿಸಬೇಕು. ಮೂರು ಉಗುರುಗಳು ಸರಾಗವಾಗಿ ಮುಗಿದವು. ನಾಲ್ಕನೆಯದಕ್ಕೆ ಸರಿಯಾಗಿ ಅಡುಗೆಮನೆಯಲ್ಲಿ ಕುಕ್ಕರ್ ಕೂಗಿತು. ಉಗುರೇನೋ ತುಂಡಾಯಿತು, ಜೊತೆಗೆ ಒಂದು ಹನಿ ರಕ್ತವೂ ಬಂತು. ಮರುಕ್ಷಣ ಟವೆಲು ನನ್ನ ಕೈಯಲ್ಲಿತ್ತು, ಬೆಕ್ಕು ಬೀರುವಿನ ಮೇಲಿತ್ತು.

ಇಂಥ ಹೊತ್ತಿನಲ್ಲಿ ಉಗುರಿನ ತುದಿಗೆ ಕಾರ್ನ್‌ಫ್ಲೋರ್ ಒತ್ತಿ ಹಿಡಿಯಬೇಕೆಂದು ತಿಳಿದಿದ್ದ ನಾನು, ಗಾಬರಿಯಲ್ಲೂ ಕನ್ನಡಾಭಿಮಾನ ಬಿಡದೆ "ಜೋಳದ ಹಿಟ್ಟು ತನ್ನಿ!" ಎಂದು ಕೂಗಿದೆ. ಹುಬ್ಬಳ್ಳಿಯವರಾದ ನಮ್ಮ ಅತ್ತೆ ಹಿಟ್ಟಿನ ಡಬ್ಬಿಯ ಜೊತೆಗೆ ಬಿಸಿನೀರನ್ನೂ ಪರಾತವನ್ನೂ ತಂದಿಟ್ಟು, "ಎಷ್ಟ ರೊಟ್ಟಿ ಬಡೀಲ್ರಿ?" ಎಂದರು. ಅಷ್ಟರಲ್ಲಿ ಚಿನ್ನಿಯ ರಕ್ತ ತಾನಾಗಿಯೇ ನಿಂತಿತ್ತು. ಅವಳು ಗೀರಿಹೋದ ನನ್ನ ಮೊಣಕೈಯದು ನಿಂತಿರಲಿಲ್ಲ. ಸೋಪು ಹಚ್ಚಿ 15 ನಿಮಿಷ ನಲ್ಲಿಯ ಕೆಳಗೆ ತೊಳೆಯುತ್ತಾ ನಿಂತಾಗ, ಕಾವೇರಿ ನೀರು ದಿನ ಬಿಟ್ಟು ದಿನ ಬರುವ ನಮ್ಮ ಬೀದಿಯ ಕಷ್ಟ ಬಲ್ಲ ನನ್ನಾಕೆ, ಗಾಯವನ್ನಲ್ಲ, ನಲ್ಲಿಯನ್ನೇ ಮೂರು ಸಲ ಬಂದು ನೋಡಿಹೋದಳು.

ಮರುದಿನದಿಂದ, ಮಧ್ಯಾಹ್ನ ಅವಳು (ಚಿನ್ನಿ, ನನ್ನಾಕೆಯಲ್ಲ) ನಿದ್ದೆಗೆ ಜಾರಿದ ಮೇಲೆ ಒಂದೋ ಎರಡೋ ಉಗುರು ಮಾತ್ರ ಕತ್ತರಿಸತೊಡಗಿದೆ. ಮುಂಗಾಲಿನ ಹೆಬ್ಬೆರಳ ಉಗುರು ನೆಲಕ್ಕೆ ತಾಗಿ ಸವೆಯುವುದಿಲ್ಲ. ಬಿಟ್ಟರೆ ಸುರುಳಿಯಾಗಿ ಬೆಳೆದು ಮೆತ್ತೆಗೇ ಚುಚ್ಚಿಕೊಳ್ಳಬಹುದೆಂದು ಅದಕ್ಕೆ ಮೊದಲ ಮರ್ಯಾದೆ. ಯಾವುದನ್ನೂ ಮರೆಯಬಾರದೆಂದು, ಮುಗಿದ ಪ್ರತಿ ಉಗುರಿಗೂ ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಒಂದೊಂದು ಗೀಟು ಎಳೆಯುತ್ತಿದ್ದೆ.

ಹಾಲಿನ ಲೆಕ್ಕವೂ ಅದೇ ಕ್ಯಾಲೆಂಡರಿನಲ್ಲಿತ್ತು. ತಿಂಗಳ ಕೊನೆಗೆ ನನ್ನಾಕೆ ಗೀಟುಗಳನ್ನು ಎಣಿಸಿ ದುಡ್ಡು ಕೊಟ್ಟಾಗ, ಹಾಲು ಹಾಕುವ ಹುಡುಗ, "ಅಕ್ಕಾ, ಇದರಲ್ಲಿ 14 ಪ್ಯಾಕೆಟ್ ನಾನು ಹಾಕೇ ಇಲ್ವಲ್ಲ" ಎಂದು ತಲೆ ಕೆರೆದುಕೊಂಡ.