ಮಕ್ಕಳನ್ನು ಆರಿಸುವ ಆಸೆ ಇದ್ದರೆ ಚಾರ್ಟರ್ ಶಾಲೆಯ ಸಹವಾಸ ಬೇಡ

ನಿನ್ನೆ ಒಂದು ಗೃಹಪ್ರವೇಶದ ಊಟಕ್ಕೆ ಹೋಗಿದ್ದೆ. ಅಲ್ಲಿ ಕೇಳಿದ ಮಾತು ಇನ್ನೂ ತಲೆ ಕೊರೆಯುತ್ತಿದೆ. ಬರೆದು ಮುಗಿಸದಿದ್ದರೆ ಇವತ್ತೂ ನಿದ್ದೆ ಬರುವುದಿಲ್ಲ.

ಗುರುತಿನ ಕೆಲವರು ಸೇರಿ ಇಲ್ಲೇ ಕ್ಯಾಲಿಫೋರ್ನಿಯಾದ ಬೇ ಏರಿಯಾದಲ್ಲಿ ಒಂದು ಚಾರ್ಟರ್ ಶಾಲೆ ತೆರೆಯಬೇಕು ಅಂತ ಹೊರಟಿದ್ದಾರೆ. ಒಳ್ಳೆಯ ಜನ. ಮಕ್ಕಳ ಓದಿನ ಬಗ್ಗೆ ನಿಜವಾದ ಕಾಳಜಿ ಇರುವವರು. ನಾನು ಕೆಲವು ವರ್ಷ ಒಂದು ಚಾರ್ಟರ್ ಶಾಲೆಯ ಬೋರ್ಡಿನಲ್ಲಿದ್ದದ್ದು ನಿಮಗೆಲ್ಲ ಗೊತ್ತೇ ಇದೆ, ಅವರಿಗೂ ಗೊತ್ತು. ಹಾಗಾಗಿ ಎಲೆ ಮುಂದೆ ಕೂತ ತಕ್ಷಣ ಪ್ರಶ್ನೆ ಶುರು. "ಅಕ್ಕ, ಅಡ್ಮಿಷನ್‌ಗೆ ಒಂದು ಟೆಸ್ಟ್ ಇಡಬಹುದು ಅಲ್ವಾ?" ಆಗಲ್ಲ ಅಂದೆ. "ಹೋಗ್ಲಿ, ಅಪ್ಪ ಅಮ್ಮನ ಇಂಟರ್‌ವ್ಯೂ?" ಅದೂ ಆಗಲ್ಲ. "ಹಳೇ ಸ್ಕೂಲಿನ ರಿಪೋರ್ಟ್ ಕಾರ್ಡ್ ಆದ್ರೂ ಮೊದಲೇ ತರಿಸ್ಕೋಬಹುದಾ?" ಇಲ್ಲ. ಕೊನೆಗೆ ಒಬ್ಬರು ದನಿ ತಗ್ಗಿಸಿ ಕೇಳಿದರು, "ಕ್ಲಾಸಿಗೆ ಹೊಂದಿಕೊಳ್ಳದ ಮಗು ಬಂದುಬಿಟ್ಟರೆ ಕಳಿಸೋದು ಹೇಗೆ?"

ಪ್ರಶ್ನೆ ನಾಲ್ಕು, ಆಸೆ ಒಂದೇ. ಯಾರನ್ನು ಒಳಗೆ ಬಿಡೋಣ, ಯಾರನ್ನು ಬಾಗಿಲಲ್ಲೇ ನಿಲ್ಲಿಸೋಣ. ನನಗೆ ಸಿಟ್ಟು ಬಂದದ್ದು ಅದಕ್ಕೆ.

ಊರಿನಲ್ಲಿರುವ ಗೆಳೆಯರಿಗಾಗಿ ಒಂದು ಮಾತು. ಚಾರ್ಟರ್ ಶಾಲೆ ಅಂದರೆ ಸುಮಾರಾಗಿ ನಮ್ಮ ಅನುದಾನಿತ ಶಾಲೆಯ ಥರ. ದುಡ್ಡು ಸರ್ಕಾರದ್ದು, ನಡೆಸುವುದು ಒಂದು ಲಾಭರಹಿತ ಸಂಸ್ಥೆಯ ಬೋರ್ಡು. ಫೀಸು ಇಲ್ಲ. ಪಾಠದ ವಿಧಾನ, ವೇಳಾಪಟ್ಟಿ, ನೇಮಕ ಇದರಲ್ಲೆಲ್ಲ ಸ್ವಾತಂತ್ರ್ಯ ಜಾಸ್ತಿ. ಬದಲಿಗೆ ಮಕ್ಕಳು ಏನು ಕಲಿತರು ಅಂತ ಲೆಕ್ಕ ಒಪ್ಪಿಸಬೇಕು. ಇಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಮೊದಲ ಸಲಕ್ಕೆ ಹೆಚ್ಚೆಂದರೆ 5 ವರ್ಷದ ಪರವಾನಗಿ ಕೊಡುತ್ತಾರೆ, ಆಮೇಲೆ ನವೀಕರಣಕ್ಕೆ ಮತ್ತೆ ಕೈಕಟ್ಟಿ ನಿಲ್ಲಬೇಕು. ಕಾನೂನಿನ ಲೆಕ್ಕದಲ್ಲಿ ಇದು ಪಕ್ಕಾ ಸರ್ಕಾರಿ ಶಾಲೆ. ಸರ್ಕಾರದ ದುಡ್ಡಿನಲ್ಲಿ ನಡೆಯುವ ಖಾಸಗಿ ಶಾಲೆ ಅಲ್ಲ. ನಮ್ಮವರಿಗೆ ಇದೊಂದು ಮಾತು ಎಷ್ಟು ಹೇಳಿದರೂ ಕಿವಿಗೆ ಬೀಳುವುದಿಲ್ಲ.

ಕಾನೂನು ಬಹಳ ಸ್ಪಷ್ಟ. ಸೇರಲು ಬಯಸಿದ ಎಲ್ಲ ಮಕ್ಕಳನ್ನೂ ಸೇರಿಸಿಕೊಳ್ಳಬೇಕು. ಸೀಟಿಗಿಂತ ಅರ್ಜಿ ಜಾಸ್ತಿ ಬಂದರೆ ಎಲ್ಲರ ಎದುರಿಗೆ ಲಾಟರಿ ಎತ್ತಬೇಕು. ಈಗಾಗಲೇ ಓದುತ್ತಿರುವ ಮಕ್ಕಳಿಗೆ, ಆ ಸ್ಕೂಲ್ ಡಿಸ್ಟ್ರಿಕ್ಟಿನಲ್ಲಿ (ಅಂದರೆ ಆ ಪ್ರದೇಶದ ಸರ್ಕಾರಿ ಶಾಲೆಗಳನ್ನು ನಡೆಸುವ ಸ್ಥಳೀಯ ಆಡಳಿತದ ವ್ಯಾಪ್ತಿಯಲ್ಲಿ) ವಾಸ ಇರುವವರಿಗೆ ಆದ್ಯತೆ ಇದೆ. ಅಣ್ಣ ತಮ್ಮ ಅಕ್ಕ ತಂಗಿಯರಿಗೂ ಕೊಡಬಹುದು, ಅನುಮತಿ ಇದ್ದರೆ. ಬುದ್ಧಿವಂತರಿಗೆ ಆದ್ಯತೆ ಅಂತ ಯಾವ ಕಾಲಮ್ಮೂ ಇಲ್ಲ. 2019ರ ತಿದ್ದುಪಡಿ ಆದ ಮೇಲಂತೂ ಮಗು ಸೇರುವ ಮೊದಲು ಹಳೇ ಶಾಲೆಯ ದಾಖಲೆ ಕೇಳುವ ಹಾಗಿಲ್ಲ, ಸೇರಬೇಡಿ ಅಂತ ಯಾವ ರೀತಿಯಲ್ಲೂ ನಿರುತ್ಸಾಹ ಮಾಡುವ ಹಾಗಿಲ್ಲ, ಸೇರಿದ ಮಗುವನ್ನು "ಬೇರೆ ಶಾಲೆ ನೋಡಿಕೊಳ್ಳಿ" ಅಂತ ಸಾಗಹಾಕುವ ಹಾಗಿಲ್ಲ. ಇದನ್ನೆಲ್ಲ ಒಂದು ನೋಟಿಸಿನಲ್ಲಿ ಬರೆದು ವೆಬ್‌ಸೈಟಿನಲ್ಲಿ ಹಾಕಬೇಕು. ವಿಚಾರಿಸಲು ಬಂದ ಪೋಷಕರ ಕೈಗೂ ಕೊಡಬೇಕು, ದೂರು ಕೊಡುವುದು ಹೇಗೆ ಅನ್ನುವುದರ ಸಮೇತ.

ನೀವೇ ಯೋಚನೆ ಮಾಡಿ. ಸರ್ಕಾರ ಅಷ್ಟು ಬಿಡಿಸಿ ಬಿಡಿಸಿ ಯಾಕೆ ಬರೆಯಬೇಕಾಯಿತು? ಕೆಲವು ಶಾಲೆಗಳು ಅದನ್ನೇ ಮಾಡುತ್ತಿದ್ದವು, ಅದಕ್ಕೆ.

ನನಗೆ ಅದು ಓದಿ ಗೊತ್ತಾದದ್ದಲ್ಲ. ಇದನ್ನು ಇಲ್ಲಿ ಯಾವತ್ತೂ ಬರೆದಿಲ್ಲ. ನನ್ನ ಚಿಕ್ಕ ಮಗ ತಡವಾಗಿ ಮಾತು ಕಲಿತವನು. ಸ್ಪೀಚ್ ಥೆರಪಿ ನಡೆಯುತ್ತಿತ್ತು, ಐಇಪಿ ಇತ್ತು, ಅಂದರೆ ಅವನಿಗೆ ಏನೇನು ನೆರವು ಕೊಡಬೇಕು ಅಂತ ಶಾಲೆ ಬರೆದುಕೊಡುವ ಯೋಜನೆ. ಕಿಂಡರ್‌ಗಾರ್ಟನ್‌ಗೆ ಒಂದು ಚಾರ್ಟರ್ ಶಾಲೆಗೆ ವಿಚಾರಿಸಲು ಹೋಗಿದ್ದೆವು. ಹೆಸರು ಬೇಡ. ಆಫೀಸಿನಲ್ಲಿದ್ದ ಹೆಂಗಸು ಮೊದಲು ತುಂಬಾ ಚೆನ್ನಾಗಿ ಮಾತಾಡಿದರು. ಐಇಪಿ ಅಂದ ಕೂಡಲೇ ಮೇಜಿನ ಮೇಲಿದ್ದ ಅರ್ಜಿಯನ್ನು ತಮ್ಮ ಕಡೆಗೆ ಎಳೆದುಕೊಂಡು, ನಗುತ್ತಲೇ, "ನಮ್ಮಲ್ಲಿ ಓದು ಸ್ವಲ್ಪ ಬಿರುಸು, ಅವನಿಗೇ ಕಷ್ಟ ಆಗಬಹುದು, ನಿಮ್ಮ ಏರಿಯಾದ ಶಾಲೆಯಲ್ಲಿ ಅವನಿಗೆ ಇನ್ನೂ ಒಳ್ಳೆ ನೆರವು ಸಿಗುತ್ತೆ" ಅಂದರು. ಸೇರಿಸಿಕೊಳ್ಳಲ್ಲ ಅನ್ನಲಿಲ್ಲ. ಅರ್ಜಿ ಮಾತ್ರ ಕೊಡಲಿಲ್ಲ. ಮಗ ಪಕ್ಕದಲ್ಲೇ ನಿಂತು ಅವರ ಮೇಜಿನ ಪೆನ್ಸಿಲ್‌ಗಳನ್ನು ಬಣ್ಣದ ಪ್ರಕಾರ ಜೋಡಿಸುತ್ತಿದ್ದ. ಕಾರಿಗೆ ಬಂದು ಕೂತ ಮೇಲೆ ನನ್ನ ಗಂಡ ಬಹಳ ಹೊತ್ತು ಗಾಡಿ ಸ್ಟಾರ್ಟ್ ಮಾಡಲೇ ಇಲ್ಲ. ನಾನು ಮುಂದೆ ಬೇರೊಂದು ಶಾಲೆಯ ಬೋರ್ಡು ಸೇರಿದ್ದು ಅದೇ ಕಾರಣಕ್ಕೆ. ಈಗ ಅವನು ಹೈಸ್ಕೂಲಿನಲ್ಲಿದ್ದಾನೆ, ಚೆನ್ನಾಗಿದ್ದಾನೆ. ಆದರೂ ಆ ಹೆಂಗಸಿನ ಕೈ ಅರ್ಜಿ ಎಳೆದುಕೊಂಡದ್ದು ನನಗೆ ಮರೆಯುವುದಿಲ್ಲ.

ಹಾಗಾಗಿ "ಹೊಂದಿಕೊಳ್ಳದ ಮಗು" ಅಂತ ಯಾರಾದರೂ ಅಂದರೆ ನನಗೆ ಸುಮ್ನೆ ಕೂರಲು ಆಗುವುದಿಲ್ಲ.

ಈ ಶಾಲೆಗಳು ಹುಟ್ಟಿದ್ದು ಯಾರಿಗಾಗಿ ಅಂತ ನಮ್ಮವರು ಒಮ್ಮೆ ತಿಳಿದುಕೊಳ್ಳಬೇಕು. 1988ರಲ್ಲಿ ಈ ಯೋಚನೆಯನ್ನು ದೇಶದ ಮುಂದೆ ಇಟ್ಟವರು ಆಲ್ಬರ್ಟ್ ಶ್ಯಾಂಕರ್, ಶಿಕ್ಷಕರ ಸಂಘದ ರಾಷ್ಟ್ರೀಯ ಅಧ್ಯಕ್ಷರು. ಮಾಮೂಲಿ ತರಗತಿಯಲ್ಲಿ ಕಲಿಯಲಾಗದೆ ಹಿಂದೆ ಬಿದ್ದ ಮಕ್ಕಳಿಗೆ ಮೇಷ್ಟ್ರುಗಳೇ ಹೊಸ ದಾರಿ ಹುಡುಕಲಿ ಅನ್ನುವುದು ಅವರ ಮಾತಿನ ಸಾರ. ಮೊದಲ ಕಾನೂನು ಬಂದದ್ದು ಮಿನ್ನೆಸೋಟಾದಲ್ಲಿ, 1991ರಲ್ಲಿ. ಮರುವರ್ಷ ಸೇಂಟ್ ಪಾಲ್ ನಗರದಲ್ಲಿ ಮೊದಲ ಚಾರ್ಟರ್ ಶಾಲೆ ಬಾಗಿಲು ತೆರೆಯಿತು, ಸಿಟಿ ಅಕಾಡೆಮಿ ಅಂತ. ಯಾರಿಗಾಗಿ? ಶಾಲೆ ಬಿಟ್ಟು ಹೋದ ಹುಡುಗ ಹುಡುಗಿಯರಿಗಾಗಿ. ಬೇರೆಯವರು ಬೇಡ ಅಂದ ಮಕ್ಕಳನ್ನು ಕರೆದು ಕೂರಿಸಿಕೊಳ್ಳಲು ಹುಟ್ಟಿದ ವ್ಯವಸ್ಥೆಯಲ್ಲಿ ನಾವು ಬಂದು ಮಕ್ಕಳನ್ನು ಸೋಸುವ ಜರಡಿ ಎಲ್ಲಿ ಸಿಗುತ್ತೆ ಅಂತ ಕೇಳುತ್ತಿದ್ದೇವೆ. ಹೊಟ್ಟೆ ಉರಿಯುತ್ತದೆ.

ಊಟದಲ್ಲಿ ಯಾರೂ ಕೇಳದ ಪ್ರಶ್ನೆಗಳಿಗೆ ಬರುತ್ತೇನೆ. ಶಾಲೆ ಮುಳುಗುವುದು ಇವುಗಳಿಂದಲೇ.

ಕಟ್ಟಡ ಎಲ್ಲಿ? ಪರವಾನಗಿ ಕೇಳುವ ಪೆಟಿಷನ್ ಬರೆಯುವುದಕ್ಕಿಂತ ಕಟ್ಟಡ ಹುಡುಕುವುದು ಕಷ್ಟ. 2000ದಲ್ಲಿ ರಾಜ್ಯದ ಮತದಾರರು ಪ್ರಪೊಸಿಷನ್ 39 ಅನ್ನುವ ಕಾನೂನನ್ನು ಪಾಸು ಮಾಡಿದರು. ಅದರ ಪ್ರಕಾರ ಡಿಸ್ಟ್ರಿಕ್ಟು ತನ್ನ ಜಾಗದಲ್ಲಿ ಚಾರ್ಟರ್ ಶಾಲೆಗೂ ಪಾಲು ಕೊಡಬೇಕು. ಆದರೆ ಅದೇ ಡಿಸ್ಟ್ರಿಕ್ಟಿನ ಮಕ್ಕಳ ದಿನದ ಸರಾಸರಿ ಹಾಜರಿ ಕನಿಷ್ಠ 80 ಇರಬೇಕು, ಹಿಂದಿನ ನವೆಂಬರ್ 1ರೊಳಗೆ ಅರ್ಜಿ ಹಾಕಬೇಕು, ಪ್ರತಿ ವರ್ಷ ಹಾಕಬೇಕು, ಈ ವರ್ಷ ಕೊಟ್ಟ ಕೋಣೆ ಮುಂದಿನ ವರ್ಷ ಸಿಕ್ಕೇ ಸಿಗುತ್ತದೆ ಅನ್ನುವ ಭರವಸೆ ಇಲ್ಲ. ಹೊರಗೆ ಬಾಡಿಗೆಗೆ ಹಿಡಿಯುತ್ತೀರಾ? ಯಾವುದೋ ಆಫೀಸು ಕಟ್ಟಡ ಚೆನ್ನಾಗಿದೆ ಅಂತ ಸಹಿ ಹಾಕಿದರೆ ಮುಗಿಯಲಿಲ್ಲ. ಅಲ್ಲಿ ಶಾಲೆ ನಡೆಸಲು ನಗರಸಭೆ ಒಪ್ಪಬೇಕು, ಬೆಂಕಿ ಇಲಾಖೆಯವರು ಬಂದು ಅಲಾರ್ಮು, ಹೊರಬಾಗಿಲು, ಬಾಗಿಲಿನ ಚಿಲಕ ಯಾವ ಕಡೆ ತೆರೆಯುತ್ತದೆ ಅಂತ ಒಂದೊಂದಾಗಿ ನೋಡುತ್ತಾರೆ, ಬೆಳಿಗ್ಗೆ ಮಕ್ಕಳನ್ನು ಇಳಿಸುವ ಕಾರುಗಳ ಸಾಲು ರಸ್ತೆಗೆ ಬರಬಾರದು ಅಂತ ಅಕ್ಕಪಕ್ಕದವರು ಸಭೆಗೆ ಬಂದು ಜಗಳ ಆಡುತ್ತಾರೆ. ಬಾಡಿಗೆಗೆ ರಾಜ್ಯದ ನೆರವೂ ಇದೆ. ಎಸ್‌ಬಿ 740 ಅಂತ ಕರೆಯುತ್ತಾರೆ. ಅದು ಮುಖ್ಯವಾಗಿ ಬಡಮಕ್ಕಳು ಜಾಸ್ತಿ ಇರುವ ಶಾಲೆಗೆ. ಉಚಿತ ಅಥವಾ ರಿಯಾಯಿತಿ ಊಟಕ್ಕೆ ಅರ್ಹರಾದ ಮಕ್ಕಳು ನೂರಕ್ಕೆ 55 ಇರಬೇಕು. ಇಂಜಿನಿಯರ್‌ಗಳ ಮಕ್ಕಳನ್ನೇ ಆರಿಸಿ ತುಂಬಿಸಿಕೊಳ್ಳುವ ಕನಸು ಕಾಣುವವರು ಈ ಲೆಕ್ಕವನ್ನೂ ನೋಡಬೇಕು.

ದುಡ್ಡು ಹೇಗೆ ಬರುತ್ತದೆ? ಹೆಸರು ಬರೆಸಿದ್ದಕ್ಕೆ ಅಲ್ಲ, ದಿನಾ ಬಂದು ಕೂತದ್ದಕ್ಕೆ. ಸರಾಸರಿ ಹಾಜರಾತಿಯ ಮೇಲೆ ಹಣ. ಪೆಟಿಷನ್ ಜೊತೆ ಪೋಷಕರ ಸಹಿ ಬೇಕು, ಮೊದಲ ವರ್ಷ ಎಷ್ಟು ಮಕ್ಕಳು ಅಂತ ಅಂದಾಜಿದೆಯೋ ಅದರ ಅರ್ಧದಷ್ಟು. ಇಲ್ಲವೇ ಶಿಕ್ಷಕರ ಸಹಿ, ಅದೇ ಲೆಕ್ಕದಲ್ಲಿ. ಸಹಿ ಹಾಕಿದವರೆಲ್ಲ ಆಗಸ್ಟಿನಲ್ಲಿ ಮಕ್ಕಳನ್ನು ಕರೆದುಕೊಂಡು ಬರುವುದಿಲ್ಲ. ಹೊಸ ಶಾಲೆ, ಆಟದ ಮೈದಾನ ಇಲ್ಲ, ಇನ್ನೊಂದು ವರ್ಷ ನೋಡೋಣ ಅಂತಾರೆ. ಅಷ್ಟರಲ್ಲಿ ನೀವು ಮೇಷ್ಟ್ರುಗಳಿಗೆ ಸಂಬಳ ಒಪ್ಪಿಕೊಂಡಿರುತ್ತೀರಿ.

ಶಿಕ್ಷಕರಿಗೆ ಕ್ರೆಡೆನ್ಷಿಯಲ್, ಅಂದರೆ ಪಾಠ ಹೇಳಲು ರಾಜ್ಯ ಕೊಡುವ ಅರ್ಹತಾ ಪತ್ರ, ಬೇಕೇ ಬೇಕು. ಪಿಎಚ್‌ಡಿ ಮಾಡಿದ ಅತ್ತಿಗೆ ಬಂದು ಗಣಿತ ಹೇಳಿಕೊಡುತ್ತಾರೆ ಅಂದರೆ ನಡೆಯುವುದಿಲ್ಲ.

ಇನ್ನು ಬೋರ್ಡು. "ನಾವು ಐದು ಜನ ಫ್ರೆಂಡ್ಸು, ವಾಟ್ಸಾಪ್ ಗ್ರೂಪಿನಲ್ಲಿ ಡಿಸೈಡ್ ಮಾಡ್ತೀವಿ" ಅಂದರು ಒಬ್ಬರು. ದಯವಿಟ್ಟು ಬೇಡ. 2020ರಿಂದ ಚಾರ್ಟರ್ ಶಾಲೆಯ ಬೋರ್ಡಿಗೂ ಬ್ರೌನ್ ಆ್ಯಕ್ಟ್, ಅಂದರೆ ಸಭೆಗಳು ಸಾರ್ವಜನಿಕರಿಗೆ ತೆರೆದಿರಬೇಕು ಅನ್ನುವ ಕಾನೂನು, ಸ್ಪಷ್ಟವಾಗಿ ಅನ್ವಯ. ಸಭೆಯ ಅಜೆಂಡಾವನ್ನು 72 ಗಂಟೆ ಮೊದಲೇ ಹಾಕಬೇಕು, ಸಾರ್ವಜನಿಕರು ಬಂದು ಮಾತಾಡಬಹುದು, ಬೋರ್ಡಿನ ಬಹುಮತದವರು ಶಾಲೆಯ ವಿಷಯವನ್ನು ಗ್ರೂಪಿನಲ್ಲಿ ಚರ್ಚಿಸಿದರೆ ಅದೇ ಕಾನೂನು ಮುರಿದಂತೆ. ನಿಮ್ಮ ಭಾವನ ಕಂಪನಿಗೆ ಲ್ಯಾಪ್‌ಟಾಪ್ ಕಾಂಟ್ರಾಕ್ಟ್ ಕೊಡುವ ಯೋಚನೆ ಇದ್ದರೆ ಅದನ್ನೂ ಇವತ್ತೇ ಬಿಡಿ.

ಮತ್ತೆ ಅದೇ ಜಾಗಕ್ಕೆ ಬರುತ್ತೇನೆ. ಪೆಟಿಷನ್‌ನಲ್ಲಿ ಕಾನೂನು ಕೇಳುವ 15 ಅಂಶಗಳಿವೆ. ಅದರಲ್ಲೊಂದು ಏನು ಗೊತ್ತಾ? ಆ ಡಿಸ್ಟ್ರಿಕ್ಟಿನಲ್ಲಿ ಯಾವ್ಯಾವ ಜನಾಂಗದವರು ಇದ್ದಾರೋ, ವಿಶೇಷ ಶಿಕ್ಷಣ ಬೇಕಾದ ಮಕ್ಕಳು ಎಷ್ಟಿದ್ದಾರೋ, ಇಂಗ್ಲಿಷ್ ಈಗಷ್ಟೇ ಕಲಿಯುತ್ತಿರುವವರು ಎಷ್ಟಿದ್ದಾರೋ, ಅದೇ ಪ್ರಮಾಣ ನಿಮ್ಮ ಶಾಲೆಯಲ್ಲೂ ಬರಲು ಏನು ಮಾಡುತ್ತೀರಿ ಅಂತ ಬರೆಯಬೇಕು. ಅಂದರೆ ಮಕ್ಕಳನ್ನು ಹುಡುಕಿಕೊಂಡು ಹೋಗಬೇಕು. ಸ್ಪ್ಯಾನಿಷ್‌ನಲ್ಲಿ ಕರಪತ್ರ ಹಂಚಬೇಕು, ಅಪಾರ್ಟ್‌ಮೆಂಟುಗಳಿಗೆ, ಚರ್ಚುಗಳಿಗೆ, ಲಾಂಡ್ರಿಗಳಿಗೆ ಹೋಗಬೇಕು. ದೇವಸ್ಥಾನದ ನೋಟಿಸ್ ಬೋರ್ಡಿಗೆ ಒಂದು ಹಾಳೆ ಅಂಟಿಸಿ ಕೈ ತೊಳೆದುಕೊಂಡರೆ ಸಾಲದು. ಮತ್ತೆ ಎಬಿ 1505 ಅನ್ನುವ ರಾಜ್ಯದ ಕಾನೂನು ಬಂದ ಮೇಲೆ, ಬಯಸಿದ ಎಲ್ಲ ಮಕ್ಕಳಿಗೂ ಶಾಲೆ ಬಾಗಿಲು ತೆರೆದಿಲ್ಲ ಅಂತ ಕಂಡುಬಂದರೆ, ಸರಿಪಡಿಸಿಕೊಳ್ಳಲು ಅವಕಾಶ ಕೊಟ್ಟೂ ಸರಿಯಾಗದಿದ್ದರೆ, ನವೀಕರಣವನ್ನೇ ನಿರಾಕರಿಸಬಹುದು. ಟೆಸ್ಟ್ ಸ್ಕೋರು ಎಷ್ಟೇ ಮೇಲಿದ್ದರೂ.

ಒಬ್ಬರು ಬುದ್ಧಿವಂತ ಪ್ರಶ್ನೆ ಹಾಕಿದರು. "ಡಿಸ್ಟ್ರಿಕ್ಟ್ ಶಾಲೆಗಳು ಆರಿಸೋದಿಲ್ವಾ ಅಕ್ಕ? ಒಳ್ಳೇ ಶಾಲೆ ಇರೋ ಕಡೆ ಮನೆ ಬೆಲೆ ನೋಡಿ. ಅದೇ ಎಂಟ್ರೆನ್ಸ್ ಟೆಸ್ಟು." ಮಾತು ಸರಿ. ಎರಡು ಮಿಲಿಯನ್ ಡಾಲರ್ ಮನೆ ಕೊಂಡವರ ಮಕ್ಕಳಿಗೆ ಮಾತ್ರ ಆ ಶಾಲೆ, ಇದಕ್ಕಿಂತ ಕಠಿಣ ಪರೀಕ್ಷೆ ಯಾವುದಿದೆ. ಆದರೆ ಅದರಿಂದ ನಾವೂ ಆರಿಸೋಣ ಅನ್ನುವ ತೀರ್ಮಾನಕ್ಕೆ ಹೇಗೆ ಬರುತ್ತೀರಿ? ಆ ಅನ್ಯಾಯವನ್ನು ಸ್ವಲ್ಪವಾದರೂ ಮುರಿಯಲಿ ಅಂತ ತಾನೇ ಲಾಟರಿ ಇಟ್ಟಿರುವುದು? "ಟ್ಯಾಕ್ಸ್ ನಾವೂ ಕಟ್ತೀವಿ" ಅಂತ ಇನ್ನೊಬ್ಬರು. ನಿಮ್ಮ ಮನೆ ಕೆಲಸಕ್ಕೆ ಬರುವ ಹೆಂಗಸೂ ಕಟ್ಟುತ್ತಾಳೆ. ಅವಳ ಮಗಳ ಹೆಸರೂ ಅದೇ ಲಾಟರಿ ಡಬ್ಬಿಯಲ್ಲಿ ಇರುತ್ತದೆ.

ವಿಶೇಷ ಶಿಕ್ಷಣಕ್ಕೆ ಖರ್ಚು ಜಾಸ್ತಿ, ಸಣ್ಣ ಶಾಲೆಗೆ ತಡೆಯಲಾಗುವುದಿಲ್ಲ ಅನ್ನುವುದನ್ನು ಮಾತ್ರ ನಾನು ತಳ್ಳಿಹಾಕುವುದಿಲ್ಲ. ಒಂದು ಮಗುವಿಗೆ ಇಡೀ ದಿನ ಜೊತೆಗಿರುವ ಸಹಾಯಕಿ ಬೇಕಾದರೆ ಬಜೆಟ್ ಅಲ್ಲಾಡುತ್ತದೆ, ಬೋರ್ಡಿನಲ್ಲಿ ಕೂತು ನೋಡಿದ್ದೇನೆ. ಆದರೆ ಅದಕ್ಕೂ ದಾರಿ ಇದೆ. ಸೆಲ್ಪಾ ಅಂತ ವಿಶೇಷ ಶಿಕ್ಷಣದ ಹೊಣೆಯನ್ನು ಹಂಚಿಕೊಳ್ಳುವ ಒಕ್ಕೂಟಗಳಿವೆ, ಚಾರ್ಟರ್ ಶಾಲೆಗಳಿಗಾಗಿಯೇ ಎಲ್ ಡೊರಾಡೊ ಕೌಂಟಿಯಲ್ಲಿ ಒಂದಿದೆ. ಅದನ್ನು ಸೇರಬಹುದು, ಅಥವಾ ಡಿಸ್ಟ್ರಿಕ್ಟಿನ ಜೊತೆಗೇ ಇರಬಹುದು. ಬಜೆಟ್ಟಿನ ಮೊದಲ ಹಾಳೆಯಲ್ಲೇ ಅದಕ್ಕೊಂದು ಸಾಲು ಇರಬೇಕು. ಮಗು ಬಂದ ಮೇಲೆ ತಲೆ ಮೇಲೆ ಕೈ ಹೊತ್ತು ಕೂರುವುದಲ್ಲ.

ಹಾಂ, ಭಾನುವಾರದ ಕನ್ನಡ ತರಗತಿಯನ್ನೇ ಬೆಳೆಸಿ ಕನ್ನಡದ ಚಾರ್ಟರ್ ಶಾಲೆ ಮಾಡಬಹುದಾ ಅಂತಲೂ ಕೇಳಿದರು. ಖಾಸಗಿ ಶಾಲೆಯನ್ನು ಚಾರ್ಟರ್ ಆಗಿ ಬದಲಾಯಿಸಲು ಈ ರಾಜ್ಯದಲ್ಲಿ ಕಾನೂನು ಬಿಡುವುದಿಲ್ಲ. ಹೊಸದಾಗಿ ಭಾಷೆಗಾಗಿಯೇ ಒಂದು ಶಾಲೆ ತೆರೆಯಬಹುದು, ಓಕ್ಲೆಂಡಿನಲ್ಲಿ ಮ್ಯಾಂಡರಿನ್ ಕಲಿಸುವ ಯು ಮಿಂಗ್ ಚಾರ್ಟರ್ ಶಾಲೆ ಇದೆ. ಧರ್ಮ ಬೋಧನೆ ಇರಬಾರದು. ಲಾಟರಿಯಲ್ಲಿ ಮೆಕ್ಸಿಕೋದಿಂದ ಬಂದ ಕುಟುಂಬದ ಮಗು, ವಿಯೆಟ್ನಾಂ ಮೂಲದ ಮಗು ಬಂದು ಅ ಆ ಇ ಈ ಬರೆಯಲು ಕೂತರೆ ನಿಮಗೆ ಸಂತೋಷವೇ? ನನಗಂತೂ ಅದಕ್ಕಿಂತ ಸಂತೋಷ ಬೇರೆ ಇಲ್ಲ. ಅಂಥ ಶಾಲೆಗೆ ನಾನು ರಾತ್ರಿ ಹಗಲು ಕೆಲಸ ಮಾಡಲು ತಯಾರು.

ಇನ್ನೂ ಮಾಡಲೇಬೇಕು ಅನ್ನುವವರು ಒಂದು ಕೆಲಸ ಮಾಡಿ. ನಿಮ್ಮ ಡಿಸ್ಟ್ರಿಕ್ಟಿನ ಬೋರ್ಡ್ ಸಭೆಯ ಹಳೆಯ ಅಜೆಂಡಾಗಳಲ್ಲಿ ಚಾರ್ಟರ್ ಪೆಟಿಷನ್‌ಗಳು ಇರುತ್ತವೆ, ಜೊತೆಗೆ ಡಿಸ್ಟ್ರಿಕ್ಟಿನವರು ಅದರ ಮೇಲೆ ಬರೆದ ವರದಿಯೂ ಇರುತ್ತದೆ. ಪಾಸಾದದ್ದು ಬೇಡ, ತಿರಸ್ಕಾರ ಆದದ್ದನ್ನು ತೆಗೆದು ಓದಿ. ವಿಶೇಷ ಶಿಕ್ಷಣದ ಭಾಗ, ಮಕ್ಕಳ ಪ್ರಮಾಣದ ಭಾಗ, ಬಜೆಟ್, ಈ ಮೂರನ್ನು ಎರಡೆರಡು ಸಲ ಓದಿ. ಆಮೇಲೆ ನನಗೆ ಫೋನ್ ಮಾಡಿ. ಸಂಜೆ ಏಳರ ಮೇಲೆ ಮನೆಯಲ್ಲೇ ಇರುತ್ತೇನೆ.